ತಾಡು ತೆಗೆ

ಚಲಪತಿ ತೊಂಡೇಬಾವಿಯಿಂದ ಬಂದಿಳಿದ ಸಂಜೆ ಮಂಗಮ್ಮ ಒಂದು ಮುದ್ದೆ ಹೆಚ್ಚಿಗೆ ಕಟ್ಟಿದಳು. ಆ ಮುದ್ದೆ ಆರುವ ಮುಂಚೆಯೇ ಮನೆಯಲ್ಲಿ ಜಗಳ ಹತ್ತಿಕೊಂಡಿತು.

ಹತ್ತಿಸಿದವಳು ಮಗಳು ಅನಸೂಯ. ಎಸ್ಸೆಸ್ಸೆಲ್ಸಿ ಓದುತ್ತಿದ್ದ ಹುಡುಗಿ. ಕೇಳಬಾರದ ಹೊತ್ತಿನಲ್ಲಿ ಕೇಳಬೇಕಾದ ಮಾತು ಕೇಳುವುದು ಅವಳ ಚಾಳಿ.

"ಅಪ್ಪಾ, ಇವನಿಗೆ ಕೆಲಸ ಕಲಿಸೋರು ಯಾರು?"

"ಕಲಿಸೋದೇನೇ ಅದ್ರಲ್ಲಿ? ನೋಡ್ತಾ ನೋಡ್ತಾ ಕಲೀತಾನೆ. ನನಗ್ಯಾರು ಕಲಿಸಿದ್ರು?" ಅಂದ ಕೋನಪ್ಪ, ಅವರೆಕಾಳಿನ ಸಾರಿಗೆ ಮುದ್ದೆ ಅದ್ದುತ್ತಾ.

ಕೋನಪ್ಪ ಚಿಂತಾಮಣಿಯಲ್ಲಿ ಹೆಸರಾದ ಗಾರೆ ಮೇಸ್ತ್ರಿ. ಚಲಪತಿ ಅವನ ಹೆಂಡತಿ ಮಂಗಮ್ಮನ ತಮ್ಮನ ಮಗ, ಹದಿನಾರು ತುಂಬಿ ಎರಡು ತಿಂಗಳಾಗಿತ್ತು. ತಂದೆ ತೀರಿಕೊಂಡಿದ್ದ. ತಾಯಿ ಗಂಗುಲಮ್ಮ, "ನಿಮ್ಮ ಕಣ್ಣೆದುರಿಗೆ ಒಂದು ಕಸುಬು ಕಲೀಲಿ" ಅಂತ ಹೇಳಿ ಬಸ್ಸು ಹತ್ತಿಸಿದ್ದಳು.

"ಹೋರಿಕರುನ ಗಾಡಿಗೆ ಕಟ್ಟೋಕೆ ಮುಂಚೆ ತಿಂಗಳುಗಟ್ಟಲೆ ಬರೀ ನೊಗ ಹೊರಿಸಿ ಪಳಗಿಸ್ತಾರೆ," ಅಂದಳು ಅನಸೂಯ. "ಇವನಿಗೆ ಒಂದು ವಾರಾನೂ ಇಲ್ವಾ?"

"ಏನೇ, ಮಾವನ ಮಗನ್ನ ಹೋರಿಕರು ಅಂತೀಯಾ?" ಮಂಗಮ್ಮ ಸೌಟು ಎತ್ತಿದಳು.

ಚಲಪತಿ ತಟ್ಟೆ ಮುಂದಕ್ಕೆ ತಳ್ಳಿದ. "ಅನ್ಲಿ ಬಿಡು ಅತ್ತೆ. ಹೋರಿಗಾದ್ರೆ ಹೊಟ್ಟೆ ತುಂಬ ಹಾಕ್ತಾರೆ. ಇನ್ನೊಂದು ಸೌಟು ಸಾರು ಬಿಡು."

ಎಲ್ಲರೂ ನಕ್ಕರು. ಮೂಲೆಯಲ್ಲಿ ಕೂತಿದ್ದ ಕೋನಪ್ಪನ ತಂದೆ ಬಯ್ಯಪ್ಪ ಮಾತ್ರ ನಗಲಿಲ್ಲ. ಕಟ್ಟಡಗಳಿಗೆ ಗಳ, ಹಲಗೆಯ ಸಾರವೆ ಕಟ್ಟುತ್ತಾ ನಲವತ್ತು ವರ್ಷ ಕಳೆದ ಮುದುಕ. ಮಂಡಿ ಹಿಡಿದುಕೊಂಡ ಮೇಲೆ ಮೇಲಕ್ಕೆ ಹತ್ತುವುದು ಬಿಟ್ಟು, ಕೆಳಗೆ ಮರಳುಗುಡ್ಡೆಯ ಮೇಲೆ ಕೂತು ಹಗ್ಗ ಹೊಸೆದುಕೊಡುತ್ತಿದ್ದ. ಹುಟ್ಟಿದ್ದು ಗಡಿಯಾಚೆ. ಚೆನ್ನಾಗಿಯೇ ಕನ್ನಡ ಆಡುತ್ತಿದ್ದ, ಆದರೆ ಸಿಟ್ಟು ಬಂದರೆ, ಭಯವಾದರೆ ಬಾಯಿಗೆ ಬರುತ್ತಿದ್ದುದು ತೆಲುಗೇ.

"ಒರೇಯ್ ಕೋನಾ, ಎಂಟು ದಿನ ನೆಲದ ಮೇಲೆ ಗಂಟು ಹಾಕಿಸು. ಆಮೇಲೆ ಮೇಲಕ್ಕೆ ಕಳಿಸು," ಅಂದ.

"ಎಂಟು ದಿನ ಕೂರಿಸಿ ಅನ್ನ ಹಾಕೋಕೆ ಅವನೇನು ನಮ್ಮ ಕಂಟ್ರಾಕ್ಟರ ಅಳಿಯನಾ, ನಾಯ್ನಾ? ಯುಗಾದಿಗೆ ಛತ್ರದ ಬಾಗಿಲು ತೆರೀಬೇಕು ಅಂತ ಆ ಕಂಟ್ರಾಕ್ಟರು ಪ್ರಾಣ ತಿಂತಾ ಇದಾನೆ."

ಊರ ದೊಡ್ಡವರು ಸೇರಿ ಕಟ್ಟಿಸುತ್ತಿದ್ದ ಮದುವೆ ಛತ್ರ ಅದು. ಕೆಳಗೊಂದು ಹಜಾರ, ಮೇಲೊಂದು ಹಜಾರ. ಕಂಟ್ರಾಕ್ಟರು ವೆಂಕಟರಾಮಪ್ಪ, ಹೊಲ ಗದ್ದೆ ಇದ್ದವನು, ಈಚೆಗೆ ಗುತ್ತಿಗೆ ಹಿಡಿದು ಇನ್ನಷ್ಟು ಬಲಿತವನು. ಕಟ್ಟುವುದಕ್ಕೆ ಕೋನಪ್ಪನ ಕೇರಿಯ ಕೈಗಳು ಬೇಕಾಗಿದ್ದವು. ಕಟ್ಟಿದ ಮೇಲೆ ಅಲ್ಲಿ ಅವರಿಗೆ ಎಲೆ ಹಾಕುವುದಿಲ್ಲ ಅನ್ನುವುದು ಕೇಳದೆಯೇ ಎಲ್ಲರಿಗೂ ಗೊತ್ತಿತ್ತು.

ಚಲಪತಿ ಎರಡು ದಿನ ಕೆಳಗೆ ಗಾರೆ ಕಲಸಿದ. ಮೂರನೆಯ ದಿನ ಶುಕ್ರವಾರ. ಬೆಳಿಗ್ಗೆ ಕಟ್ಟಡದ ಮುಂದೆ ಕುಂಬಳಕಾಯಿ ಒಡೆದರು, ನಾಲ್ಕು ಮೂಲೆಗೂ ನಿಂಬೆಹಣ್ಣು ಹಿಂಡಿದರು, ದೃಷ್ಟಿಗೆ ಒಂದು ಗೊಂಬೆ ಕಟ್ಟಿದರು. ಹಗ್ಗವನ್ನು ಯಾರೂ ಮುಟ್ಟಿ ನೋಡಲಿಲ್ಲ. ಹೋದ ವರ್ಷ ಬೇರೆ ಕೆಲಸದಲ್ಲಿ ಸುಣ್ಣದ ಗುಂಡಿಯ ಪಕ್ಕ ಬಿದ್ದಿದ್ದ ನಾರಿನ ಹಗ್ಗ ಅದು. ಬಯ್ಯಪ್ಪ ಎರಡು ಸಲ ಹೇಳಿದ್ದ, "ಸುಣ್ಣ ತಿಂದ ಹಗ್ಗ ಸ್ವಾಮಿ, ಭಾರ ತಡೆಯಲ್ಲ" ಅಂತ. "ನಿನಗಿಂತ ಗಟ್ಟಿಯಾಗಿದೆ ಹೋಗಯ್ಯ" ಅಂತ ವೆಂಕಟರಾಮಪ್ಪ ನಗಾಡಿದ್ದ.

ಪೂಜೆ ಮುಗಿದ ಮೇಲೆ ಮೇಲಕ್ಕೆ ನೋಡಿ ವೆಂಕಟರಾಮಪ್ಪನೇ ಅಂದ: "ಆ ಹೊಸ ಹುಡುಗ ಹಗುರವಾಗಿದಾನಲ್ಲೋ ಕೋನ, ಅವನನ್ನ ಹತ್ತಿಸು."

ಕೋನಪ್ಪ ಹೋಗಿ ಹುಡುಗನ ಕೈಯಲ್ಲಿದ್ದ ಬಾಂಡ್ಲಿ ಇಳಿಸಿಕೊಂಡ. ಆಮೇಲೆ, "ಹುಷಾರು ಕಣೋ ಚಲಪತಿ," ಅಂದ.

ಆ ಎರಡು ಪದವೇ ಚಲಪತಿಗೆ ಸಿಕ್ಕ ತರಬೇತಿ.

ಹನ್ನೊಂದು ಗಂಟೆಯ ಬಿಸಿಲು. ಹದಿನಾರು ಅಡಿ ಮೇಲೆ ಹಲಗೆಯ ಬಲತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಚಲಪತಿ ಗಾರೆಯ ಬಾಂಡ್ಲಿ ತೆಗೆದುಕೊಳ್ಳುತ್ತಿದ್ದ. ಹಲಗೆಯ ಎಡತುದಿಗೊಂದು ಕಟ್ಟು, ಬಲತುದಿಗೊಂದು ಕಟ್ಟು. ಎಡಗಡೆಯ ಹಗ್ಗ ಪಟ್ಟೆಂದು ಹರಿಯಿತು; ಬಲಗಡೆಯ ಕಟ್ಟೊಂದರ ಬಲದ ಮೇಲೆ ಹಲಗೆ ಇನ್ನೂ ನಿಂತಿತ್ತು. ಕೆಳಗಿದ್ದ ಬಯ್ಯಪ್ಪ ಅದನ್ನು ಕಂಡ. ಅತ್ತ ಬೆನ್ನು ಮಾಡಿದ್ದ ಹುಡುಗನಿಗೆ ಅದು ಕಾಣುವಂತಿರಲಿಲ್ಲ. ಮುದುಕ ಎದೆ ಬಿರಿಯುವಂತೆ ಕೂಗಿದ:

"ತಾಡು ತೆಗೆ! ಒರೇಯ್, ತಾಡು ತೆಗೆ!"

ಚಲಪತಿ ತಲೆ ತಿರುಗಿಸಿ ಕೆಳಗೆ ನೋಡಿದ. ಸರಿ ತಾತ ಅನ್ನುವಂತೆ ತಲೆ ಆಡಿಸಿದ. ತನ್ನ ಕಾಲ ಬಳಿಯ ಬಲಗಡೆಯ ಕಟ್ಟನ್ನು ಬಿಚ್ಚಿದ.

ಹಲಗೆಯೂ ಅವನೂ ಒಟ್ಟಿಗೆ ಕೆಳಗೆ ಬಂದರು.

*

ಆಸ್ಪತ್ರೆಯಲ್ಲಿ ಸೊಂಟದಿಂದ ಪಾದದವರೆಗೆ ಬಿಳಿ ಪ್ಲಾಸ್ಟರು ಹಾಕಿದರು. ಜೀವಕ್ಕೆ ಭಯವಿಲ್ಲ, ಕಾಲು ಮಾತ್ರ ಎರಡು ಬೆರಳು ಗಿಡ್ಡವಾದರೂ ಆಗಬಹುದು ಅಂದರು ಡಾಕ್ಟರು. ಗಂಗುಲಮ್ಮ ಚಿಕ್ಕಬಳ್ಳಾಪುರದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಚಿಕ್ಕ ರೈಲಿನಲ್ಲಿ ಬಂದಳು. ದಾರಿಯುದ್ದಕ್ಕೂ ಅತ್ತಿದ್ದರಿಂದ ಆಸ್ಪತ್ರೆಯಲ್ಲಿ ಅಳು ಬರಲಿಲ್ಲ.

ಛತ್ರದ ಕೆಲಸ ಅರ್ಧ ದಿನ ನಿಂತು ಮತ್ತೆ ಶುರುವಾಯಿತು. ನೀರು ಹೊರುವ ಹೆಂಗಸೊಬ್ಬಳು ಮಂಗಮ್ಮನಿಗೆ ಸಮಾಧಾನ ಹೇಳಿದಳು: "ದೊಡ್ಡ ಕಟ್ಟಡ ಬಲಿ ಕೇಳ್ತದೆ ಕಣಕ್ಕ. ಪುಣ್ಯ, ಕಾಲಲ್ಲೇ ಬಿಡ್ತು."

ಮಂಗಮ್ಮ ತಲೆಯ ಮೇಲಿನ ಬಾಂಡ್ಲಿ ಅಲ್ಲೇ ಕುಕ್ಕಿದಳು. "ಕಟ್ಟಡ ಕೇಳ್ತಾ? ಕಟ್ಟಡಕ್ಕೆ ಬಾಯಿದೆಯಾ? ಬಲಿ ಕೇಳೋ ಕಟ್ಟಡ ಕಂಟ್ರಾಕ್ಟರ ಮಗನ್ನ ಯಾಕೆ ಕೇಳಲ್ಲ? ಅವನೂ ಇಲ್ಲೇ ಕೊಡೆ ಹಿಡ್ಕೊಂಡು ಓಡಾಡ್ತಾನಲ್ಲ! ದೇವರ ಹೆಸರು ಹೇಳಿದ್ರೆ ಹಗ್ಗದ ಹೆಸರು ಮರೆತುಹೋಗ್ತದೆ ಅಂದ್ಕೊಂಡ್ರಾ?"

ಎರಡನೆಯ ವಾರ ಚಲಪತಿಗೆ ಮಾತಾಡುವಷ್ಟು ತ್ರಾಣ ಬಂತು. ಅನಸೂಯ ಗಂಜಿ ಒಯ್ದಿದ್ದಳು. ಗಂಗುಲಮ್ಮ ಮಂಚದ ಪಕ್ಕ ಕೂತಿದ್ದಳು.

"ಯಾಕಪ್ಪ ಬಿಚ್ಚಿದೆ ಕಟ್ಟನ್ನ?" ಕೇಳಿದಳು ತಾಯಿ.

"ತಾತ ಹೇಳಿದ್ರಲ್ಲಮ್ಮ. ತಾಡು ತೆಗೆ, ತಾಡು ತೆಗೆ ಅಂತ ಎರಡು ಸಲ ಕೂಗಿದ್ರು. ಕೆಲಸದ ಹತ್ರ ಎಲ್ಲಾರೂ ಹಗ್ಗಕ್ಕೆ ತಾಡು ಅಂತಾರೆ. ಹಗ್ಗ ತೆಗಿ ಅಂದ್ರು, ತೆಗೆದೆ."

ಅನಸೂಯಳ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. ಅವಳು ಎರಡೂ ಮಾತಿನ ಮನೆಯಲ್ಲಿ ಬೆಳೆದವಳು. ತಾತನ ತೆಲುಗಿನಲ್ಲಿ 'ತಾಡು ತೆಗೆ' ಅಂದರೆ ಹಗ್ಗ ಹರಿಯಿತು ಅಂತ. ತೊಂಡೇಬಾವಿಯ ಕನ್ನಡದ ಕಿವಿಗೆ ಅದು ಹಗ್ಗ ಬಿಚ್ಚು ಅಂತ ಬಿದ್ದಿತ್ತು.

ಅವತ್ತು ಸಂಜೆ ಮನೆಯಲ್ಲಿ ಒಲೆ ಹತ್ತಲಿಲ್ಲ.

"ನಿನ್ನ ಮಾವ ನನ್ನ ಮಗನ ಕಾಲು ಮುರಿದ ಕಣಕ್ಕ," ಅಂದಳು ಗಂಗುಲಮ್ಮ. "ನಾನು ಕಣ್ಣೆದುರಿಗೆ ಕಲೀಲಿ ಅಂತ ಕಳಿಸಿದೆ. ಕಣ್ಣೆದುರಿಗೇ ಬೀಳಿಸಿದ್ರಿ."

ಬಯ್ಯಪ್ಪ ಗೋಡೆಗೆ ಒರಗಿದ್ದವನು ನೆಟ್ಟಗೆ ಕೂತ. "ನಾನು ತೆಗಿ ಅನ್ನಲಿಲ್ಲಮ್ಮ, ಹರೀತು ಅಂದೆ. ಹಿಡ್ಕೋ ಅನ್ನೋದಕ್ಕೆ ಕೂಗಿದೆ..." ಹುಡುಗ ತಲೆಯಾಡಿಸಿ ಕಟ್ಟಿಗೆ ಕೈ ಹಾಕಿದ್ದು ಅವನ ಕಣ್ಣ ಮುಂದೆ ದಿನಾ ಬರುತ್ತಿತ್ತು. ಅದು ಯಾಕೆ ಹಾಗಾಯಿತು ಅಂತ ಈಗ ಗೊತ್ತಾಯಿತು.

"ಅರವತ್ತೈದು ವರ್ಷಕ್ಕೆ ಒಂದು ಮಾತು ಕನ್ನಡದಲ್ಲಿ ಕೂಗೋಕಾಗ್ಲಿಲ್ವಾ ಮಾವ?" ಅಂದುಬಿಟ್ಟಳು ಮಂಗಮ್ಮ. ಅಂದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಾರನೆಯ ದಿನದಿಂದ ಗಂಗುಲಮ್ಮ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಬೇರೆ ಅಡಿಗೆ ಮಾಡಿಕೊಂಡಳು. ಮುದುಕ ಎರಡೂ ಒಲೆಯದ್ದನ್ನು ಮುಟ್ಟಲಿಲ್ಲ. ತಟ್ಟೆ ಮುಂದಿಟ್ಟರೆ ತುತ್ತು ಮುರಿದು ಕೋಳಿಗೆ ಹಾಕುತ್ತಿದ್ದ.

ಊರಲ್ಲಿ ಮಾತು ಹಬ್ಬಲು ಎಷ್ಟು ಹೊತ್ತು? ಮೂರನೆಯ ವಾರ ವೆಂಕಟರಾಮಪ್ಪನೇ ಗುಮಾಸ್ತನ ಜೊತೆ ಕೇರಿಗೆ ಬಂದ. ಚರಂಡಿಯಿಂದಾಚೆ ಹೊಂಗೆ ಮರದ ನೆರಳಲ್ಲಿ ನಿಂತ. ಗುಮಾಸ್ತ ಎರಡು ಕಾಗದಗಳನ್ನು ಜಗುಲಿಯ ಮೇಲಿಟ್ಟು, ಕೈ ತಗುಲದಂತೆ ಹಿಂದಕ್ಕೆ ಸರಿದ.

"ಮೇಲಿನವರು ಕೇಳಿದ್ರೆ ತೋರಿಸೋಕೆ ಒಂದು ಬರಹ ಬೇಕು ಕೋನ. ಮೇಸ್ತ್ರಿ ಅಂತ ನೀನು ಸಹಿ ಹಾಕು. ಯಾವುದಕ್ಕೆ ಹಾಕಿದ್ರೂ ಸರಿ."

ಅನಸೂಯ ಎರಡನ್ನೂ ಗಟ್ಟಿಯಾಗಿ ಓದಿದಳು. ಒಂದರಲ್ಲಿ, ಚಲಪತಿ ಎಂಬ ಕೂಲಿ ಹುಡುಗ ಯಾರ ಮಾತೂ ಕೇಳದೆ ಸಾರವೆಯ ಕಟ್ಟು ಬಿಚ್ಚಿಕೊಂಡು ಬಿದ್ದ ಎಂದಿತ್ತು. ಇನ್ನೊಂದರಲ್ಲಿ, ಬಯ್ಯಪ್ಪ ಎಂಬ ಮುದುಕ ಬುದ್ಧಿ ಸ್ವಾಧೀನದಲ್ಲಿಲ್ಲದೆ ಕಟ್ಟು ಬಿಚ್ಚಲು ಕೂಗಿ ಹೇಳಿದ ಎಂದಿತ್ತು. ಹಗ್ಗದ ವಿಚಾರ ಎರಡರಲ್ಲೂ ಇರಲಿಲ್ಲ.

"ಓಹೋ," ಅಂದಳು ಅವಳು. "ತಪ್ಪು ಯಾರದ್ದಾದ್ರೂ ಆಗ್ಲಿ, ನಮ್ಮ ಮನೆಯವರದ್ದೇ ಆಗಿರ್ಲಿ ಅಂತ!"

"ಏನೋ ಕೋನ, ಹೆಣ್ಣುಮಕ್ಕಳನ್ನ ಓದಿಸಿದ್ರೆ ಹೀಗೇನಾ?" ವೆಂಕಟರಾಮಪ್ಪ ಹಲ್ಲು ಕಚ್ಚಿ ನಕ್ಕ. "ನೋಡು. ಸೋಮವಾರದೊಳಗೆ ಸಹಿ ಬರ್ಬೇಕು. ಇಲ್ದಿದ್ರೆ ಶಿಡ್ಲಘಟ್ಟದಿಂದ ಬೇರೆ ಮೇಸ್ತ್ರಿ ಬರ್ತಾನೆ. ಆಮೇಲೆ ಈ ಸೀಮೆಯಲ್ಲಿ ನಿನಗೆ ಕರಣೆ ಹಿಡಿಸೋರು ಯಾರು ಅಂತ ನಾನೂ ನೋಡ್ತೀನಿ."

*

ಕೋನಪ್ಪ ಎರಡು ದಿನ ಆ ಕಾಗದಗಳನ್ನು ಸೂರಿನಲ್ಲಿ ಸಿಕ್ಕಿಸಿಟ್ಟು ಓಡಾಡಿದ. ಭಾನುವಾರ ಬೆಳಿಗ್ಗೆ ಅಂಬಲಿ ಕುಡಿಯುತ್ತಾ, ಯಾರ ಮುಖವನ್ನೂ ನೋಡದೆ ಅಂದ:

"ಹುಡುಗನ ಹೆಸರಿರೋದಕ್ಕೆ ಹಾಕಿಬಿಡ್ತೀನಿ. ಅವನಿಗೆ ಅದರಿಂದ ಏನೂ ಆಗಲ್ಲ. ಹೆಂಗೂ ಕಾಲು ಹೋಗಿದೆ. ಮನೆ ಮಂದಿ ಹೊಟ್ಟೆ ನೋಡ್ಬೇಕಲ್ಲ."

ಹಿತ್ತಲಿಂದ ಗಂಗುಲಮ್ಮ ಬಂದು ಬಾಗಿಲಲ್ಲಿ ನಿಂತಳು.

"ಅಪ್ಪಾ, ಸಹಿ ಮಾಡೋದು ನಿನಗೆ ಕಲಿಸಿದ್ದು ನಾನು," ಅಂದಳು ಅನಸೂಯ. "ಸ್ಲೇಟು ಹಿಡಿಸಿ ಒಂದು ತಿಂಗಳು ಕಲಿಸಿದೆ. ಇದಕ್ಕೆ ಹಾಕ್ಲಿ ಅಂತ ಕಲಿಸಲಿಲ್ಲ."

"ನಿನಗೇನು ಗೊತ್ತೇ? ಹದಿನಾರು ಅಡಿ ಏನು, ಮೂವತ್ತು ಅಡಿ ಮೇಲೆ ನಿಂತವನು ನಾನು. ನಾನು ಬಿದ್ನಾ? ಅವನು ಬುದ್ಧಿ ಓಡಿಸಬೇಕಾಗಿತ್ತು. ನನಗ್ಯಾರು ಕಲಿಸಿದ್ರು?"

"ನಾನು ಕಲಿಸಿದೆ ಕಣೋ."

ಮೂಲೆಯಿಂದ ಬಂದ ಮಾತು. ಎರಡು ವಾರದಲ್ಲಿ ಬಯ್ಯಪ್ಪ ತಾನಾಗಿ ಆಡಿದ ಮೊದಲ ಮಾತು ಅದು.

"ನೀನು ನಾಲ್ಕು ವರ್ಷದವನಿದ್ದಾಗ ಈ ಮಂಚದ ಹುರಿಯಲ್ಲಿ ಗಂಟು ಹಾಕಿಸ್ತಿದ್ದೆ. ಸರಿಯಾಗಿ ಹಾಕಿದ್ರೆ ಒಂದು ಚೂರು ಬೆಲ್ಲ. ಆರು ವರ್ಷದವನಿದ್ದಾಗ ದನದ ಕೊಟ್ಟಿಗೆ ಮುಂದೆ ಮೊಣಕಾಲೆತ್ತರಕ್ಕೆ ಸಾರವೆ ಕಟ್ಟಿ ಅದರ ಮೇಲೆ ಓಡಾಡಿಸ್ತಿದ್ದೆ. ಕೂಗ್ತಿದ್ದೆ, ನೀನು ನಿಂತ ಕಡೆ ನಿಂತುಬಿಡ್ಬೇಕು. ನೀನು ಆಟ ಅಂದ್ಕೊಂಡೆ. ಹತ್ತು ವರ್ಷ ಕಲಿಸಿದೀನಿ ಕಣೋ ನಿನಗೆ. ಆ ಮಗೂಗೆ ಏನು ಕಲಿಸಿದೆ ನೀನು? ಹುಷಾರು ಅಂದೆ. ಹುಷಾರು ಅಂದ್ರೆ ಕೈ ಎಲ್ಲಿಡ್ಬೇಕು ಅಂತ ಅವನಿಗೆ ಹೆಂಗೆ ಗೊತ್ತಾಗ್ಬೇಕು?"

ಕೋನಪ್ಪನ ಕೈಯಲ್ಲಿದ್ದ ಅಂಬಲಿ ಚೊಂಬು ಕೆಳಗಿಳಿಯಿತು.

ಮುದುಕ ತಲೆದಿಂಬಿನ ಅಡಿಯಿಂದ ಒಂದು ಬಟ್ಟೆಗಂಟು ತೆಗೆದು ಬಿಚ್ಚಿದ. ಒಳಗೆ ಒಂದು ಮೊಳ ಹಗ್ಗ, ತುದಿ ಹರಿದದ್ದು. ಬೆರಳಲ್ಲಿ ಉಜ್ಜಿದ, ನಾರು ಬೂದಿಯಂತೆ ಉದುರಿತು. "ನನ್ನ ಮಾತು ತಪ್ಪಾಗಿ ಕೇಳಿಸ್ತು, ಹೌದು. ಸಾಯೋವರೆಗೂ ಅದು ನನ್ನದೇ. ಆದ್ರೆ ಇದು ಹರೀದೆ ಇದ್ದಿದ್ರೆ ನಾನು ಯಾಕೆ ಕೂಗ್ತಿದ್ದೆ?"

ಬಾಗಿಲಲ್ಲಿದ್ದ ಗಂಗುಲಮ್ಮ ಒಳಗೆ ಬಂದು ಆ ಹಗ್ಗವನ್ನು ಕೈಗೆ ತೆಗೆದುಕೊಂಡಳು. ತಾನೂ ಬೆರಳಲ್ಲಿ ಉಜ್ಜಿ ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ ತನ್ನ ಮೂರು ಕಲ್ಲುಗಳ ಮೇಲಿದ್ದ ಮಡಕೆ ತಂದು ಮಂಗಮ್ಮನ ಒಲೆಯ ಪಕ್ಕ ಇಟ್ಟಳು.

"ಉಪ್ಪು ಸಾಲದು, ನೋಡಿ ಹಾಕಕ್ಕ," ಅಂದಳು.

ಸೋಮವಾರ ಕೋನಪ್ಪ ಎರಡು ಕಾಗದಗಳನ್ನೂ ಸಹಿಯಿಲ್ಲದೆ ಗುಮಾಸ್ತನ ಮೇಜಿನ ಮೇಲಿಟ್ಟ. ಜೊತೆಗೆ ಅನಸೂಯ ಬರೆದ ಮೂರನೆಯ ಕಾಗದ. ಅದರಲ್ಲಿ ಹಗ್ಗದ ವಯಸ್ಸು ಇತ್ತು, ಮುದುಕ ಎರಡು ಸಲ ಹೇಳಿದ್ದು ಇತ್ತು, ಹುಡುಗನನ್ನು ಮೂರನೆಯ ದಿನವೇ ಹತ್ತಿಸಿದ್ದು ಇತ್ತು, ಹತ್ತಿಸಿದವನು ಕೋನಪ್ಪ ಅನ್ನುವುದೂ ಇತ್ತು. ಕೆಳಗೆ ಕೋನಪ್ಪನ ಸಹಿ, ಸ್ಲೇಟಿನ ಮೇಲೆ ಕಲಿತ ದಪ್ಪ ಅಕ್ಷರ. ಇನ್ನೊಂದು ಪ್ರತಿ ಕೋಲಾರದ ಕಾರ್ಮಿಕ ಕಚೇರಿಗೆ ಅಂಚೆಯಲ್ಲಿ ಹೋಗಿತ್ತು.

"ನಿನ್ನ ತಪ್ಪೂ ನೀನೇ ಬರ್ಕೊಂಡಿದೀಯಲ್ಲೋ, ದಡ್ಡ!" ಅಂದ ವೆಂಕಟರಾಮಪ್ಪ.

"ಹೌದು ಸ್ವಾಮಿ. ನನ್ನದು ನಾನು ಬರ್ಕೊಂಡೆ. ನಿಮ್ಮದೂ ಬರೆದಿದೀನಿ."

"ಹೊರಗೆ ನಡಿ."

ಕೋನಪ್ಪ ನಡೆದ. ಅವನ ಹಿಂದೆ ಮಂಗಮ್ಮ ಬಾಂಡ್ಲಿ ಬಿಟ್ಟು ನಡೆದಳು. ಅವಳ ಹಿಂದೆ, ಬಲಿಯ ಮಾತಾಡಿದ್ದ ಆ ನೀರಿನವಳೂ ಸೇರಿ ಕೇರಿಯ ಹನ್ನೆರಡು ಜನ. ಶಿಡ್ಲಘಟ್ಟದ ಮೇಸ್ತ್ರಿ ಬಂದ, ಸಾರವೆಯ ಕಟ್ಟುಗಳನ್ನು ಒಂದೊಂದಾಗಿ ಎಳೆದು ನೋಡಿದ, ಮಧ್ಯಾಹ್ನದ ಬಸ್ಸಿಗೆ ವಾಪಸ್ಸು ಹೋದ. ಹತ್ತು ದಿನ ಛತ್ರ ಹಾಗೇ ನಿಂತಿತು. ಯುಗಾದಿಗೆ ಇನ್ನು ಇಪ್ಪತ್ತು ದಿನ ಇರುವಾಗ ಗುಮಾಸ್ತ ಮತ್ತೆ ಕೇರಿಗೆ ಬಂದ. ಈ ಸಲ ಚರಂಡಿ ದಾಟಿ ಬಂದ.

"ಹೊಸ ಹಗ್ಗ ತರಿಸಿದಾರೆ. ಮೂರು ಜನ ಹೊಸ ಹುಡುಗರೂ ಬಂದಿದಾರೆ, ಜಂಗಮಕೋಟೆ ಕಡೆಯವರು. ಬಾಪ್ಪ ಕೋನಪ್ಪ," ಅಂದ.

"ಬರ್ತೀನಿ. ಆ ಹುಡುಗರು ಎಂಟು ದಿನ ನೆಲದ ಮೇಲಿರ್ತಾರೆ. ಕೂಲಿ ಕೊಡ್ಬೇಕು. ಒಪ್ಪಿದ್ರೆ ಬರ್ತೀನಿ."

ಒಪ್ಪದೆ ದಾರಿ ಇರಲಿಲ್ಲ. ವೆಂಕಟರಾಮಪ್ಪ ಹದಿನೈದು ಸಲ ಬೈದು ಒಪ್ಪಿದ.

*

ಕಲಿಸುವ ಮುಂಚೆ ಕಲಿಯಬೇಕಾದವನು ಒಬ್ಬನಿದ್ದ. ಬಯ್ಯಪ್ಪ. ದಿನಾ ಬೆಳಿಗ್ಗೆ ಮಂಗಮ್ಮ ಅಂಬಲಿ ಚೊಂಬು ಬೆನ್ನ ಹಿಂದೆ ಹಿಡಿದುಕೊಂಡು ನಿಲ್ಲುತ್ತಿದ್ದಳು.

"ಮಾವ, ಹಗ್ಗ ಏನಾಯ್ತು?"

"ತೆ..."

"ಆಂ?"

"ಹರೀತು! ಹರೀತು ಕಣಮ್ಮ! ಕೊಡು ಇತ್ಲಾಗೆ."

ಗಂಗುಲಮ್ಮ ಒಂದು ದಿನ ಅವನ ಬೆನ್ನ ಹಿಂದೆ ಬೇಕೆಂದೇ ತಟ್ಟೆ ಬೀಳಿಸಿದಳು, ಭಯ ಬಿದ್ದಾಗ ಯಾವ ಮಾತು ಬರುತ್ತದೆ ನೋಡೋಣ ಅಂತ. ಮುದುಕ ಹಾರಿಬಿದ್ದು "ಹರೀತು!" ಅಂದ. ಆ ಮನೆಯಲ್ಲಿ ಐದು ವಾರದ ಮೇಲೆ ಕೇಳಿದ ಮೊದಲ ನಗು ಗಂಗುಲಮ್ಮನದು.

ಛತ್ರದ ಮುಂದಿನ ಬಯಲಲ್ಲಿ ಸೊಂಟದೆತ್ತರಕ್ಕೆ ಒಂದು ಪುಟ್ಟ ಸಾರವೆ ಎದ್ದಿತು. ಪಕ್ಕದಲ್ಲಿ ಹುರಿಮಂಚ, ಅದರ ಮೇಲೆ ಪ್ಲಾಸ್ಟರಿನ ಕಾಲು ಚಾಚಿಕೊಂಡು ಚಲಪತಿ. ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ದಿನಾ ಗಾಡಿಯಲ್ಲಿ ಕರೆತರುತ್ತಿದ್ದರು. ಮನೆಯಲ್ಲಿ ಮಲಗಿ ಸೂರಿನ ಗಳ ಎಣಿಸಲಾರೆ ಅಂತ ಅವನೇ ಹಟ ಹಿಡಿದಿದ್ದ. ಬಯ್ಯಪ್ಪ ಗಂಟು ಕಲಿಸುತ್ತಿದ್ದ, ಚಲಪತಿ ಮಾತು ಕಲಿಸುತ್ತಿದ್ದ.

"ಈ ಸಾರವೆ ಮೇಲೆ 'ತೆಗಿ' ಅನ್ನೋ ಮಾತಿಲ್ಲ ಕಣ್ರೋ," ಅನ್ನುತ್ತಿದ್ದ. "ಬಿಚ್ಚು ಅಂದ್ರೆ ಬಿಚ್ಚೋದು. ಹರೀತು ಅಂದ್ರೆ ಇದ್ದ ಕಡೆ ಕಂಬ ತಬ್ಬಿಕೊಳ್ಳೋದು. ಬೇರೆ ಏನೇ ಕೂಗಿದ್ರೂ ಕೈ ಆಡಿಸಬಾರದು. ಮೊದಲು ಕಂಬ ಹಿಡೀಬೇಕು, ಆಮೇಲೆ ಮೂರು ಮಾತು ತಿರುಗಿ ಕೇಳ್ಬೇಕು. ನಾನು ಕೇಳ್ಲಿಲ್ಲ. ನೋಡಿ ಈ ಕಾಲು."

ಹುಡುಗರು ನೋಡುತ್ತಿದ್ದರು. ಮತ್ತೆ ನೋಡು ಅಂತ ಹೇಳಬೇಕಾಗಿರಲಿಲ್ಲ.

ಕೋಲಾರದಿಂದ ಇನ್ನೂ ಉತ್ತರ ಬಂದಿರಲಿಲ್ಲ. ಅನಸೂಯ ಎರಡನೆಯ ಕಾಗದ ಹಾಕಿದ್ದಳು.

ಐದನೆಯ ದಿನ ಊರ ದೊಡ್ಡವರು ಕೆಲಸ ನೋಡಲು ಬರುವವರಿದ್ದರು. ವೆಂಕಟರಾಮಪ್ಪ ಬೆಳಿಗ್ಗೆಯೇ ಇಸ್ತ್ರಿ ಪಂಚೆಯಲ್ಲಿ ಬಂದ. ಛತ್ರದ ಬಾಗಿಲ ಎದುರಿಗೇ ಮುರಿದ ಕಾಲಿನ ಹುಡುಗ, ಮಂಚ, ಮುದುಕ, ಗೊಂಬೆಯಾಟದಂಥ ಸಾರವೆ. ದೊಡ್ಡವರ ಕಣ್ಣಿಗೆ ಮೊದಲು ಬೀಳುವುದೇ ಅದು. ಅವನ ಮುಖ ಕೆಂಪಾಯಿತು.

"ಏನೋ ಇದು ದರಿದ್ರ! ತೆಗೀರೋ ಇದನ್ನ!"

ಸಾರವೆಯ ಮೇಲಿದ್ದ ಮೂರು ಹುಡುಗರೂ ಗಬಕ್ಕನೆ ಒಂದೊಂದು ಕಂಬ ತಬ್ಬಿಕೊಂಡರು.

"ಕಿವಿ ಕೇಳಲ್ವೇನ್ರೋ? ತೆಗೀರಿ ಅಂದ್ರೆ!"

ಯಾರೂ ಮಿಸುಕಲಿಲ್ಲ. ಎಲ್ಲರಿಗಿಂತ ಚಿಕ್ಕವನು ಕಂಬ ಬಿಡದೆ, ಕಲಿಸಿದ್ದ ಹಾಗೆಯೇ ಗಂಟಲು ಬಿಚ್ಚಿ ಕೂಗಿದ:

"ಕೂಗಿದ್ದು ಯಾರು?"

ಎರಡನೆಯವನು ಕೂಗಿದ: "ಬಿಚ್ಚಬೇಕಾದ್ದು ಯಾವುದು?"

ಮೂರನೆಯವನು ಕೂಗಿದ: "ಹಗ್ಗ ನೋಡಿದ್ರಾ?"

ಮೇಲೆ ಕೆಲಸ ಮಾಡುತ್ತಿದ್ದವರ ಕರಣೆಗಳು ನಿಂತವು. ಮಂಗಮ್ಮ ತಲೆಯ ಮೇಲಿನ ಬಾಂಡ್ಲಿ ಹಿಡಿದುಕೊಂಡೇ ತಿರುಗಿದಳು. ಕೋನಪ್ಪ ಛತ್ರದ ಸಾರವೆಯ ಮೇಲಿಂದ ಬಗ್ಗಿ ನೋಡಿದ.

ವೆಂಕಟರಾಮಪ್ಪ ಪಂಚೆ ಎತ್ತಿಹಿಡಿದು ಹುಡುಗರ ಕಡೆಗೆ ಒಂದು ಹೆಜ್ಜೆ ಇಟ್ಟ.

ಚಲಪತಿ ಮಂಚದ ಮೇಲೆ ಮೊಣಕೈ ಊರಿ ಎದ್ದು ಕೂತ. "ಅವರು ಕೇಳ್ತಾ ಇದಾರಲ್ಲ ಸ್ವಾಮಿ," ಅಂದ. "ಉತ್ತರ ಹೇಳೋವರೆಗೂ ಕಂಬ ಬಿಡಬೇಡಿ ಅಂತ ಕಲಿಸಿದೀವಿ."